ಸಾಸಿವೆಯಷ್ಟಿದ್ದಾಗಲೇ ಕಣ್ಣಿಗೆ ಬೀಳಲಿ

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ನಿಮ್ಮ ಪುರವಣಿಯಲ್ಲಿ ಎಳೆಬಿಸಿಲಿನ ಬಗ್ಗೆ ಒಂದು ಲೇಖನ ಬಂದಿತ್ತು. ‘ಬೆಳಗಿನ ಬಿಸಿಲು ಎಲ್ಲ ಮಕ್ಕಳಿಗೂ ಅಮೃತ’ ಅಂತ ತಲೆಬರಹ. ಲೇಖನ ಚೆನ್ನಾಗಿಯೇ ಇದೆ. ನನ್ನ ತಕರಾರು ಇರುವುದು ‘ಎಲ್ಲ’ ಎನ್ನುವ ಎರಡಕ್ಷರದ ಮೇಲೆ.

ನಾನು ರಾಣೆಬೆನ್ನೂರಿನಲ್ಲಿ ಬ್ಲೌಸ್ ಹೊಲಿಯುವವಳು. ಪಿಯುಸಿ ಸೈನ್ಸ್ ಮುಗಿಸಿ ಮದುವೆಯಾಯಿತು, ಮುಂದೆ ಓದಲಿಲ್ಲ. ಮಗಳಿಗೆ ಈಗ ಹನ್ನೊಂದು ವರ್ಷ. ಅವಳಿಗೆ ಝೀರೋಡರ್ಮಾ ಪಿಗ್ಮೆಂಟೋಸಮ್ ಎಂಬ ಹುಟ್ಟುಕಾಯಿಲೆ ಇದೆ. ಅಷ್ಟುದ್ದದ ಹೆಸರು ನಮ್ಮ ಬಾಯಲ್ಲಿ ತಿರುಗುವುದಿಲ್ಲ, ಮನೆಯಲ್ಲೂ ಆಸ್ಪತ್ರೆಯಲ್ಲೂ ‘ಎಕ್ಸ್‌ಪಿ’ ಎಂದೇ ಅನ್ನುತ್ತೇವೆ. ಬಿಸಿಲು ಬಿದ್ದರೆ ಯಾರ ಚರ್ಮದ ಜೀವಕೋಶದಲ್ಲೂ ವಂಶದ ಗುಣ ಹೊತ್ತ ಡಿಎನ್ಎ ಎಳೆಯ ಅಕ್ಕಪಕ್ಕದ ಕೊಂಡಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವಂತೆ. ನಿಮ್ಮ ಮೈಯಲ್ಲೂ ಆಗುತ್ತದೆ, ನನ್ನ ಮೈಯಲ್ಲೂ ಆಗುತ್ತದೆ. ಆದರೆ ನಮ್ಮ ಮೈ ಕೆಟ್ಟ ಜಾಗದಲ್ಲಿ ಸುಮಾರು 30 ಕೊಂಡಿಯಷ್ಟು ತುಂಡನ್ನು ಬಿಚ್ಚಿ ತೆಗೆದು ಮತ್ತೆ ಹೊಲಿದುಕೊಳ್ಳುತ್ತದೆ. ನನ್ನ ಮಗಳ ಮೈಗೆ ಆ ಬಿಚ್ಚುವ ಕೆಲಸ ಬರುವುದಿಲ್ಲ. ತಪ್ಪು ಹೊಲಿಗೆಯ ಮೇಲೆ ಮತ್ತೆ ತಪ್ಪು ಹೊಲಿಗೆ ಬೀಳುತ್ತಾ ಹೋಗುತ್ತದೆ. ಈ ದೋಷವನ್ನು 1968ರಲ್ಲಿ ಅಮೆರಿಕದಲ್ಲಿ ಜೇಮ್ಸ್ ಕ್ಲೀವರ್ ಎನ್ನುವವರು ಕಂಡುಹಿಡಿದರು. ಆ ಬಿಚ್ಚಿ ಹೊಲಿಯುವ ಕೆಲಸ ಹೇಗೆ ನಡೆಯುತ್ತದೆ ಎಂದು ತೋರಿಸಿಕೊಟ್ಟ ಅಜೀಜ್ ಸಂಜಾರ್ ಅವರಿಗೆ 2015ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಇದನ್ನೆಲ್ಲ ಕಾಯಿಲೆ ಗುರುತು ಹಿಡಿದ ಡಾಕ್ಟರಮ್ಮ ಹೇಳಿದಾಗ ನನಗೆ ಅನ್ನಿಸಿದ್ದು, ಹೊಲಿಗೆ ಬಿಚ್ಚುವುದಕ್ಕೂ ನೊಬೆಲ್ ಕೊಡುತ್ತಾರಲ್ಲ ಎಂದು.

ಹನ್ನೊಂದು ತಿಂಗಳಿದ್ದಾಗ ಜವಳ ತೆಗೆಸಲು ಮೈಲಾರಕ್ಕೆ ಕರೆದುಕೊಂಡು ಹೋಗಿದ್ದೆವು. ಬೋಳಿಸಿದ ತಲೆ, ಬೆಳಗಿನ ಬಿಸಿಲು. ಸಂಜೆ ಮನೆಗೆ ಬರುವಷ್ಟರಲ್ಲಿ ಕಣ್ಣು ಊದಿ ಮುಚ್ಚಿಹೋಗಿದ್ದವು, ಮರುದಿನ ತುಟಿಯ ಮೇಲೆ ಬೊಕ್ಕೆ. ಒಬ್ಬರು ‘ಅಮ್ಮ ಬಂದಾಳ’ ಅಂದರು, ಇನ್ನೊಬ್ಬರು ದೃಷ್ಟಿ ತೆಗೆದರು. ವಾರದಲ್ಲಿ ಇಳಿಯಿತು, ನಾವೂ ಮರೆತೆವು. ಒಂದೂವರೆ ವರ್ಷಕ್ಕೆ ಮುಖದ ಮೇಲೆ ಎಳ್ಳು ಚೆಲ್ಲಿದಂತೆ ಕಂದು ಚುಕ್ಕೆ ಶುರುವಾದವು. ಬೆಳಕಿಗೆ ಬಂದರೆ ಕಣ್ಣು ಕಿವುಚಿಕೊಂಡು ನನ್ನ ಸೆರಗಿನೊಳಗೆ ಮುಖ ಹುದುಗಿಸುತ್ತಿದ್ದಳು. ನಾವು ನಾಚಿಕೆ ಅಂದುಕೊಂಡೆವು. ಎರಡು ವರ್ಷ ಒಬ್ಬರಾದ ಮೇಲೊಬ್ಬರು ವೈದ್ಯರು ಬಂಗಿಗೆ ಅಂತ, ಗಜಕರ್ಣಕ್ಕೆ ಅಂತ ಮುಲಾಮು ಬರೆದುಕೊಟ್ಟರು. ಅವರನ್ನು ಬೈಯಲು ಈ ಪತ್ರ ಬರೆಯುತ್ತಿಲ್ಲ. ಪಶ್ಚಿಮದ ದೇಶಗಳಲ್ಲಿ ಹತ್ತು ಲಕ್ಷಕ್ಕೆ ಒಬ್ಬರಿಗೆ ಬರುವ ಕಾಯಿಲೆಯಂತೆ, ಊರ ವೈದ್ಯರು ಎಲ್ಲಿಂದ ನೋಡಿರುತ್ತಾರೆ?

ಗುರುತು ಹಿಡಿದವರು ಸರ್ಕಾರಿ ಆಸ್ಪತ್ರೆಯೊಂದರ ಚರ್ಮದ ವಿಭಾಗದಲ್ಲಿ ಇನ್ನೂ ಓದುತ್ತಿದ್ದ ಸಣ್ಣ ವಯಸ್ಸಿನ ಡಾಕ್ಟರಮ್ಮ. ಅವರು ಮುಖವನ್ನು ಅಷ್ಟಾಗಿ ನೋಡಲೇ ಇಲ್ಲ. ಫ್ರಾಕು ಎತ್ತಿ ಹೊಟ್ಟೆ ನೋಡಿದರು. ಹೊಟ್ಟೆ ಸ್ವಚ್ಛ. ಆಮೇಲೆ ತೋಳು ಮೇಲೇರಿಸಿದರು. ನಾನೇ ಹೊಲಿದ ಫ್ರಾಕು, ನಾಲ್ಕಿಂಚು ತೋಳು. ಆ ತೋಳಿನ ಅಂಚು ಎಲ್ಲಿ ಮುಗಿಯುತ್ತಿತ್ತೋ ಸರಿಯಾಗಿ ಅಲ್ಲಿಂದ ಚುಕ್ಕೆ ಶುರು. ಒಳಗೆ ಒಂದೂ ಇಲ್ಲ. ಚಾಕ್‌ನಿಂದ ಗೆರೆ ಹೊಡೆದಂತಿತ್ತು. ಮೂರೂವರೆ ವರ್ಷ ಅವಳಿಗೆ ದಿನಾ ಬಟ್ಟೆ ಹಾಕಿದವಳು ನಾನು, ಅಳತೆ ತೆಗೆಯುವುದೇ ನನ್ನ ಕಸುಬು, ಆದರೂ ಆ ಗೆರೆ ನನಗೆ ಕಂಡಿರಲಿಲ್ಲ. ಡಾಕ್ಟರಮ್ಮ ನಾಲಿಗೆಯ ತುದಿ ನೋಡಿದರು, ಕಣ್ಣು ನೋಡಿದರು, ಆಮೇಲೆ ಮೆಲ್ಲಗೆ ಕೇಳಿದರು: “ನಿಮ್ಮದು ಸಂಬಂಧದೊಳಗಿನ ಮದುವೆ ಏನ್ರಿ?”

ಹೌದು. ನನ್ನ ಗಂಡ ನನ್ನ ಸೋದರಮಾವ. ನಮ್ಮ ಅತ್ತೆ ನನಗೆ ಅಜ್ಜಿ. ನಮ್ಮ ರಾಜ್ಯದಲ್ಲಿ ಹೆಚ್ಚುಕಡಿಮೆ ನಾಲ್ಕಕ್ಕೆ ಒಂದು ಮದುವೆ ಹೀಗೆ ಬಳಗದೊಳಗೇ ಆಗುತ್ತದೆ. ಒಂದೇ ದೋಷ ಅಪ್ಪನಲ್ಲೂ ಅವ್ವನಲ್ಲೂ ಒಂದೊಂದು ಪ್ರತಿಯಾಗಿ ಅಡಗಿ ಕೂತಿದ್ದರೆ ಇಬ್ಬರಿಗೂ ಏನೂ ಆಗುವುದಿಲ್ಲ. ಮಗುವಿಗೆ ಎರಡೂ ಪ್ರತಿ ಬಂದರೆ ಕಾಯಿಲೆ. ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ. ಇದನ್ನು ತಿಳಿದುಕೊಂಡು ಎರಡನೆಯದಕ್ಕೆ ಮೊದಲೇ ಪರೀಕ್ಷೆ ಮಾಡಿಸಿದೆವು, ಮಗ ಆರೋಗ್ಯವಾಗಿದ್ದಾನೆ. ಆದರೆ ಒಂದು ಮಾತು: ಮದುವೆಯಾಗಿ ಹದಿನಾಲ್ಕು ವರ್ಷ ಕಳೆದವಳಿಗೆ ‘ಸಂಬಂಧದಲ್ಲಿ ಮಾಡ್ಕೋಬಾರದಿತ್ತು’ ಎನ್ನುವವರಿಗೆ ನನ್ನಲ್ಲಿ ಉತ್ತರವಿಲ್ಲ. ಆ ಮಾತನ್ನು ಮದುವೆಗೆ ಬಂದು ಊಟ ಮಾಡಿದವರೇ ಆಡುತ್ತಾರೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಈ ಮಕ್ಕಳಿಗೆ ಚರ್ಮದ ಕ್ಯಾನ್ಸರ್ ಬರುತ್ತದೆ, ಅದೂ ಹಾಲುಹಲ್ಲು ಬೀಳುವ ವಯಸ್ಸಿನಲ್ಲಿ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯವರು 1971ರಿಂದ 2009ರವರೆಗೆ 106 ಮಂದಿ ಎಕ್ಸ್‌ಪಿ ರೋಗಿಗಳನ್ನು ನೋಡಿಕೊಂಡು ಬಂದರು. ಕ್ಯಾನ್ಸರ್ ಬಂದವರಲ್ಲಿ ಅರ್ಧದಷ್ಟು ಮಂದಿಗೆ ಮೊದಲ ಗಡ್ಡೆ ಕಾಣಿಸಿಕೊಂಡದ್ದು 9 ವರ್ಷದೊಳಗೆ. ಬೇರೆ ಜನರಿಗೆ ಅದೇ ಕ್ಯಾನ್ಸರ್ ಬರುವುದು 67ರ ಸುಮಾರಿಗೆ. ಕಪ್ಪು ಮಚ್ಚೆಯ ಕ್ಯಾನ್ಸರ್, ಅಂದರೆ ಮೆಲನೋಮ, ಇವರಿಗೆ 22ಕ್ಕೆ, ಉಳಿದವರಿಗೆ 55ಕ್ಕೆ. ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಎಲ್ಲ ಎಕ್ಸ್‌ಪಿ ಮಕ್ಕಳೂ ನನ್ನ ಮಗಳ ಹಾಗೆ ಬಿಸಿಲಿಗೆ ಸುಟ್ಟು ಊದಿಕೊಳ್ಳುವುದಿಲ್ಲ. ಕೆಲವರಿಗೆ ಬರೀ ಚುಕ್ಕೆ. ಸುಟ್ಟುಕೊಳ್ಳುವ ಮಕ್ಕಳನ್ನು ತಾಯಂದಿರು ಹೆದರಿ ನೆರಳಿಗೆ ಸೇರಿಸುತ್ತಾರೆ. ಸುಡದ ಮಕ್ಕಳು ಬಯಲಲ್ಲಿ ಆಡಿಕೊಂಡಿರುತ್ತಾರೆ, ಗುರುತು ಸಿಗುವುದೂ ತಡ. ಚುಕ್ಕೆಯೊಂದೇ ಇರುವ ಮಗುವಿನ ಬಗ್ಗೆ ಹೆಚ್ಚು ಚಿಂತೆ ಮಾಡಬೇಕು ಎಂದು ಡಾಕ್ಟರಮ್ಮ ಹೇಳಿದ್ದು ನನ್ನ ತಲೆಯಲ್ಲಿ ಕೂತುಬಿಟ್ಟಿದೆ.

ನನ್ನ ಮಗಳಿಗೆ ಮೊದಲನೆಯದು ಏಳು ವರ್ಷಕ್ಕೆ ಬಂತು. ಮೂಗಿನ ಬಲಬದಿ, ಸಾಸಿವೆಯಷ್ಟು, ಕರೀಮಣಿಯ ಹಾಗೆ ಹೊಳೆಯುತ್ತಿತ್ತು. ಟವೆಲ್ಲಿನಿಂದ ಮುಖ ಒರೆಸಿದರೆ ಚೂರು ರಕ್ತ. ದೊಡ್ಡಾಸ್ಪತ್ರೆ ದೂರ, ಉಗಾದಿ ಸೀಜನ್ ಬೇರೆ, ಹತ್ತಿರದಲ್ಲೇ ಒಬ್ಬರಿಗೆ ತೋರಿಸಿದೆ. ಕಾಯಿಲೆಯ ಹೆಸರು ಹೇಳಿದೆ, ಚೀಟಿಯನ್ನೂ ತೋರಿಸಿದೆ. ‘ನರುಳ್ಳಿ’ ಅಂದರು, ಸುಟ್ಟು ತೆಗೆದರು. ತೆಗೆದ ತುಣುಕನ್ನು ಪರೀಕ್ಷೆಗೆ ಕಳಿಸಲಿಲ್ಲ. ಕಳಿಸಬೇಕು ಎಂದು ನನಗೂ ಗೊತ್ತಿರಲಿಲ್ಲ. ಐದು ತಿಂಗಳಲ್ಲಿ ಅದೇ ಕಲೆಯ ಅಂಚಿನಿಂದ ಮತ್ತೆ ಎದ್ದಿತು, ಈ ಸಲ ಕಡಲೆಕಾಳಿನಷ್ಟು, ನಡುವೆ ಹುಣ್ಣು. ಬೇಸಲ್ ಸೆಲ್ ಕಾರ್ಸಿನೋಮ ಎಂಬ ಚರ್ಮದ ಕ್ಯಾನ್ಸರ್. ಮೂಗಿನ ಬದಿಯಷ್ಟೂ ತೆಗೆದು, ಕಿವಿಯ ಹಿಂದಿನ ಚರ್ಮ ತಂದು ತೇಪೆ ಹಾಕಿದರು. ಒಂಬತ್ತು ದಿನ ಆಸ್ಪತ್ರೆ. ಆ ತೇಪೆಯ ಬಣ್ಣ ಈಗಲೂ ಬೇರೆಯೇ ಕಾಣುತ್ತದೆ, ಮ್ಯಾಚಿಂಗ್ ಸಿಗದ ಬಟ್ಟೆಯ ಹಾಗೆ.

ಎರಡನೆಯದು ಒಂಬತ್ತು ವರ್ಷಕ್ಕೆ, ಎಡಗಣ್ಣಿನ ಕೆಳಗೆ. ಅದನ್ನು ಹಿಡಿದದ್ದು ನಾವೇ, ಮನೆಯಲ್ಲೇ, ಸಾಸಿವೆಗಿಂತ ಚಿಕ್ಕದಿದ್ದಾಗ. ಹೋದೆವು, ಕತ್ತರಿಸಿದರು, ಎರಡು ಹೊಲಿಗೆ, ಅದೇ ದಿನ ರಾತ್ರಿ ಬಸ್ಸಿಗೆ ವಾಪಸ್. ತುಣುಕಿನ ವರದಿಯೂ ಬಂತು, ಅಂಚಿನವರೆಗೆ ಪೂರ್ತಿ ಹೋಗಿದೆ ಎಂದು. ಈಗ ಹುಡುಕಿದರೂ ಗುರುತು ಸಿಗುವುದಿಲ್ಲ. ಅದೇ ಮಗು, ಅದೇ ಕ್ಯಾನ್ಸರ್. ಒಂದಕ್ಕೆ ಒಂಬತ್ತು ದಿನ ಮತ್ತು ಅರ್ಧ ಮೂಗು ಹೋಯಿತು, ಇನ್ನೊಂದಕ್ಕೆ ಎರಡು ಹೊಲಿಗೆ ಸಾಕಾಯಿತು. ನಾನು ಈ ಪತ್ರ ಬರೆಯುತ್ತಿರುವುದೇ ಈ ಲೆಕ್ಕಕ್ಕಾಗಿ.

ನಾವು ಹಿಡಿದದ್ದು ಹೇಗೆ ಎಂದು ಹೇಳುತ್ತೇನೆ, ಯಾರಿಗಾದರೂ ಬೇಕಾದೀತು. ಅಮಾವಾಸ್ಯೆಗೆ ಮಷಿನ್ ಪೂಜೆ ಮಾಡಿ ಅಂಗಡಿ ಬಾಗಿಲು ಹಾಕುತ್ತೇವೆ. ಆ ಸಂಜೆ ಮಗಳ ಮೈ ನೋಡುವ ಕೆಲಸ. ತಿಂಗಳಿಗೊಮ್ಮೆ ತಪ್ಪದೆ ನೆನಪಾಗಲಿ ಎಂದಷ್ಟೇ ಆ ದಿನ. ಸ್ನಾನ ಮಾಡಿಸಿ ಎಲ್ಇಡಿ ಬಲ್ಬಿನ ಕೆಳಗೆ ಕೂರಿಸುತ್ತೇನೆ. ಮೊದಲು ತಲೆ, ಬಾಚಣಿಗೆಯ ಬಾಲದಿಂದ ಬೈತಲೆ ತೆಗೆದು ತೆಗೆದು. ಆಮೇಲೆ ಕಿವಿಯ ಹಿಂದೆ, ಕಿವಿಯ ಮಡಿಕೆಯೊಳಗೆ. ರೆಪ್ಪೆಯ ಅಂಚು. ಮೂಗಿನ ಬುಡ. ತುಟಿ. ನಾಲಿಗೆಯ ತುದಿ, ಏಕೆಂದರೆ ಮಾತಾಡುವಾಗ ನಗುವಾಗ ಅದಕ್ಕೂ ಬೆಳಕು ಬೀಳುತ್ತದೆ, ಅಲ್ಲೂ ಬರುತ್ತದೆ. ಕುತ್ತಿಗೆ, ಕೈ, ಬೆರಳ ಸಂದಿ, ಅಂಗಾಲು. ಬ್ಲೌಸಿನ ನಮೂನೆ ಕತ್ತರಿಸುವ ಖಾಕಿ ಕಾಗದದ ಮೇಲೆ ಅವಳನ್ನು ಮಲಗಿಸಿ ಮೈಯ ಸುತ್ತ ಪೆನ್ಸಿಲ್ ಎಳೆದು ಒಂದು ಆಕಾರ ಮಾಡಿಟ್ಟಿದ್ದೇನೆ, ಮುಂದಿನದೊಂದು, ಹಿಂದಿನದೊಂದು. ಮುಖಕ್ಕೆ ಬೇರೆ ದೊಡ್ಡ ಕಾಗದ. ದಪ್ಪನೆಯ ಚುಕ್ಕೆ ಕಂಡಲ್ಲೆಲ್ಲ ಕಾಗದದ ಮೇಲೂ ಚುಕ್ಕೆ, ಪಕ್ಕದಲ್ಲಿ ತಾರೀಖು. ಒಂದು ರೂಪಾಯಿ ನಾಣ್ಯ ಪಕ್ಕದಲ್ಲಿಟ್ಟು ಮೊಬೈಲಿನಲ್ಲಿ ಫೋಟೊ, ಬೆಳೆದಿದೆಯೋ ಇಲ್ಲವೋ ಗೊತ್ತಾಗಲು. ಹೊಸದಾಗಿ ಎದ್ದದ್ದು, ಉಬ್ಬಿದ್ದು, ಅಂಚು ಮುತ್ತಿನ ಹಾಗೆ ಹೊಳೆಯುವುದು, ಮುಟ್ಟಿದರೆ ಉಪ್ಪುಕಾಗದದ ಹಾಗೆ ಒರಟಾಗಿರುವುದು, ಒರೆಸಿದರೆ ರಕ್ತ ಬರುವುದು, ಮೂರು ನಾಲ್ಕು ವಾರವಾದರೂ ಮಾಯದ ಹುಣ್ಣು, ಬಣ್ಣ ಬದಲಾದ ಕಪ್ಪು ಮಚ್ಚೆ: ಇವು ಕಂಡರೆ ಆಸ್ಪತ್ರೆಯ ಮೂರು ತಿಂಗಳಿಗೊಮ್ಮೆಯ ತಪಾಸಣೆಗೆ ಕಾಯದೆ ಹೊರಡುತ್ತೇವೆ. ಅಲ್ಲಿ ಡರ್ಮೋಸ್ಕೋಪ್ ಎಂಬ ದೀಪವಿರುವ ಭೂತಗನ್ನಡಿಯಲ್ಲಿ ನೋಡುತ್ತಾರೆ. ಕ್ಯಾನ್ಸರ್ ಆಗುವ ಮೊದಲಿನ ಒರಟು ಕಲೆಯಾದರೆ ದ್ರವ ಸಾರಜನಕ ಮುಟ್ಟಿಸಿ ಹೆಪ್ಪುಗಟ್ಟಿಸುತ್ತಾರೆ, ಐದು ನಿಮಿಷದ ಕೆಲಸ. ಅನುಮಾನವಿದ್ದರೆ ಚೂರು ತೆಗೆದು ಪರೀಕ್ಷೆ.

ಮೊದಮೊದಲು ಮಗಳು ಅಳುತ್ತಿದ್ದಳು. ಈಗ ತಾನೇ ಪೆನ್ಸಿಲ್ ಹಿಡಿಯುತ್ತಾಳೆ. “ಅವ್ವಾ, ಅದು ಹಳೇದು, ಶ್ರಾವಣದಾಗ ಬರಿದೀವಿ ನೋಡು” ಎಂದು ನನ್ನನ್ನೇ ತಿದ್ದುತ್ತಾಳೆ. ದೊಡ್ಡವಳಾಗುತ್ತಿದ್ದಾಳೆ, ಅಪ್ಪನಿಗೆ ಬೆನ್ನು ತೋರಿಸುವುದಿಲ್ಲ. ಹಾಗಾಗಿ ಅಪ್ಪನ ಪಾಲಿಗೆ ಕೈ ಮತ್ತು ಮುಖ ಮಾತ್ರ. ಅವರಿಗೆ ಚಾಳೀಸು ಬಂದಿದೆ, ಭೂತಗನ್ನಡಿ ಇಲ್ಲದೆ ಆಗುವುದಿಲ್ಲ.

ಬಟ್ಟೆಯ ವಿಷಯ ಕಸುಬಿನವಳಾಗಿ ಸ್ವಲ್ಪ ಹೇಳಿಬಿಡುತ್ತೇನೆ. ಬಟ್ಟೆಯನ್ನು ಬಲ್ಬಿಗೆ ಹಿಡಿದು ನೋಡಿ. ಬೆಳಕು ತೂರಿದರೆ ಬಿಸಿಲೂ ತೂರುತ್ತದೆ. ತೆಳು ಬಿಳಿ ಮಲ್ ಬಟ್ಟೆ ತಂಪು, ಆದರೆ ಈ ಮಕ್ಕಳಿಗೆ ಇದ್ದೂ ಇಲ್ಲದ ಹಾಗೆ. ದಟ್ಟ ನೇಯ್ಗೆ, ಗಾಢ ಬಣ್ಣ, ಸಡಿಲ ಹೊಲಿಗೆ ಬೇಕು. ಮೈಗಂಟಿ ಹಿಗ್ಗಿದರೆ ಎಳೆಗಳ ನಡುವೆ ಕಿಂಡಿ ಬೀಳುತ್ತದೆ. ಮುಖಕ್ಕೆ ನೇರಳಾತೀತ ಕಿರಣ ತಡೆಯುವ ಪಾರದರ್ಶಕ ಹಾಳೆಯನ್ನು ಟೊಪ್ಪಿಗೆಗೆ ಹೊಲಿದಿದ್ದೇನೆ, ಸುತ್ತ ಭುಜದವರೆಗೆ ಬಟ್ಟೆ. ಅದನ್ನು ಹಾಕಿಕೊಂಡು ಹೋದರೆ ಶಾಲೆಯಲ್ಲಿ ‘ಜೇನು ಬಿಡಿಸಾಕಿ ಬಂದ್ಲು’ ಅಂತಾರೆ. ಒಂದು ವರ್ಷ ಅತ್ತಳು, ಈಗ ಝೇಂಕರಿಸುತ್ತಾ ಅವರ ಬೆನ್ನು ಹತ್ತುತ್ತಾಳೆ. ಕಿಟಕಿಯ ಗಾಜು ಸುಡುವ ಕಿರಣವನ್ನಷ್ಟೇ ತಡೆಯುತ್ತದೆ, ಇನ್ನೊಂದು ಬಗೆಯದು ಗಾಜಿನೊಳಗೂ ಬರುತ್ತದೆ ಎಂದು ಹೇಳಿದ ಮೇಲೆ ಅವಳ ಟೀಚರು ಅವಳನ್ನು ಗೋಡೆಯ ಕಡೆ ಕೂರಿಸಿದರು. ಬಿಸಿಲು ಕಾಣದ ಮೈಗೆ ವಿಟಮಿನ್ ಡಿ ಮಾತ್ರೆ ವೈದ್ಯರೇ ಕೊಡುತ್ತಾರೆ, ಅಮೃತ ಅಷ್ಟರಮಟ್ಟಿಗೆ ಬಾಟಲಿಯಲ್ಲೂ ಸಿಗುತ್ತದೆ.

ಇನ್ನು ಸರ್ಕಾರದವರಿಗೆ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ. ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ, ಒಂದು ಸಲ ಶಾಲೆಗೆ ಬಂದು ಮಕ್ಕಳನ್ನು ನೋಡಬೇಕು. ಅವರ ಪಟ್ಟಿಯಲ್ಲಿ ಚರ್ಮದ ಸಾಲಿಗೆ ಇರುವುದು ಕಜ್ಜಿ, ಶಿಲೀಂಧ್ರದ ಸೋಂಕು, ಇಸುಬು. ಅಲ್ಲೇ ಇನ್ನೊಂದು ಸಾಲು ಸೇರಿಸಲು ಏನು ಖರ್ಚು? ‘ಎರಡು ವರ್ಷದೊಳಗಿನ ಮಗುವಿನ ಮುಖ, ಕೈ ಮೇಲೆ ಚುಕ್ಕೆ, ಬಟ್ಟೆ ಮುಚ್ಚಿದಲ್ಲಿ ಇಲ್ಲ, ಬೆಳಕಿಗೆ ಕಣ್ಣು ಬಿಡುವುದಿಲ್ಲ: ಚರ್ಮತಜ್ಞರಿಗೆ ಕಳಿಸಿ.’ ಇಷ್ಟು ಸಾಕು. ನಮ್ಮ ಗೋಧಿ ಬಣ್ಣದ, ಎಣ್ಣೆಗೆಂಪು ಬಣ್ಣದ ಮಕ್ಕಳಿಗೆ ಆ ವಯಸ್ಸಿಗೆ ಮುಖದ ತುಂಬ ಚುಕ್ಕೆ ಬೀಳುವುದು ಸಹಜವಲ್ಲ. ನನ್ನ ಮಗಳು ಅಂಗನವಾಡಿಯಲ್ಲಿದ್ದಾಗ ಅವಳ ತೂಕ ತೆಗೆದರು, ತೋಳಿನ ಸುತ್ತಳತೆ ಟೇಪಿನಿಂದ ಅಳೆದರು. ತೋಳಿನ ಮೇಲಿನ ಗೆರೆಯನ್ನು ಯಾರೂ ಕೇಳಲಿಲ್ಲ.

ತಪಾಸಣೆಯ ದಿನ ಹೇಗಿರುತ್ತದೆ ಎಂದು ಕೇಳಿ. ಬೆಳಕು ಹರಿಯುವ ಮೊದಲು ತಲುಪಲೆಂದು ರಾತ್ರಿ ಎರಡಕ್ಕೆ ಬಸ್ಸು ಹತ್ತುತ್ತೇವೆ. ಚೀಟಿ ಮಾಡಿಸುವ ಸಾಲು ಕಟ್ಟಡದ ಹೊರಗೆ, ಪೂರ್ವಕ್ಕೆ ಮುಖ. ಬಿಸಿಲು ತಾಗಬಾರದ ಮಗುವನ್ನು ತೋರಿಸಲು ಬಿಸಿಲಿನಲ್ಲೇ ಸಾಲು! ಅವರಪ್ಪ ಸಾಲಿನಲ್ಲಿ, ನಾವಿಬ್ಬರು ಮೆಟ್ಟಿಲ ಕೆಳಗೆ. ಚರ್ಮದವರು ಮಂಗಳವಾರ ಸಿಕ್ಕರೆ ಕಣ್ಣಿನವರು ಗುರುವಾರ. ತುಣುಕಿನ ವರದಿಗೆ ಮತ್ತೊಂದು ದಿನ. ಲಂಡನ್ನಿನ ಗೈಸ್ ಅಂಡ್ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ 2010ರಿಂದ ಎಕ್ಸ್‌ಪಿಯವರಿಗೆಂದೇ ಒಂದು ವಿಭಾಗವಿದೆ. ಚರ್ಮ, ಕಣ್ಣು, ನರ, ವಂಶವಾಹಿ ಎಲ್ಲ ತಜ್ಞರೂ ಒಂದೇ ದಿನ ಒಂದೇ ಸೂರಿನಡಿ ನೋಡುತ್ತಾರಂತೆ. ಈ ಮಕ್ಕಳಲ್ಲಿ ನಾಲ್ಕನೇ ಒಂದು ಪಾಲಿಗೆ ಕಿವಿ, ನರಗಳೂ ಸೋಲುವುದರಿಂದ ಎಲ್ಲರೂ ಬೇಕು. ಲಂಡನ್ ಇಲ್ಲಿಗೆ ಬರಲಿ ಅನ್ನುವುದಿಲ್ಲ. ತಿಂಗಳಿಗೊಂದು ದಿನ, ಸಂಜೆ ಐದರ ಮೇಲೆ, ರಾಜ್ಯದ ಯಾವುದಾದರೂ ಎರಡು ಸರ್ಕಾರಿ ಆಸ್ಪತ್ರೆಯಲ್ಲಿ ಹೀಗೆ ಕೂತರೆ ಸಾಕು. ಬೆಂಗಳೂರಿಗೆ ಒಂದು, ನಮ್ಮ ಕಡೆಗೆ ಒಂದು.

ಇದು ಎಕ್ಸ್‌ಪಿ ಮಕ್ಕಳಿಗಷ್ಟೇ ಅಲ್ಲ. ನಮ್ಮ ಅಂಗಡಿಗೆ ಗುಂಡಿ, ದಾರ ತಂದುಕೊಡುವ ಒಬ್ಬರಿದ್ದಾರೆ, ಹುಟ್ಟಿನಿಂದ ಮೈಯೆಲ್ಲ ಬಿಳಿ, ಕೂದಲೂ ಬಿಳಿ. ಅವರಿಗೆ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಇಲ್ಲ. ಜನ ತೊನ್ನು ಅನ್ನುತ್ತಾರೆ, ಅದಲ್ಲ ಇದು. ಹೋದ ವರ್ಷ ಕಿವಿಯ ಮೇಲೆ ಒಂದು ಹುಣ್ಣು ಇಟ್ಟುಕೊಂಡು ಎಂಟು ತಿಂಗಳಿಂದ ಅರಿಶಿನ ಹಚ್ಚುತ್ತಿದ್ದರು. ನಾನು ಜಗಳ ಮಾಡಿ ಕಳಿಸಿದೆ, ಸ್ಕ್ವೇಮಸ್ ಸೆಲ್ ಕ್ಯಾನ್ಸರ್ ಎಂದು ಬಂತು, ಕಿವಿಯ ಮೇಲ್ಭಾಗ ಹೋಯಿತು. ಮುಟ್ಟಿದರೆ ಬೊಕ್ಕೆ ಏಳುವ ಎಪಿಡರ್ಮೋಲಿಸಿಸ್ ಬುಲ್ಲೋಸಾ ಎಂಬ ಇನ್ನೊಂದು ಕಾಯಿಲೆಯ ಕೆಲವರಿಗೆ ಬಿಸಿಲಿನ ಹಂಗೇ ಇಲ್ಲದೆ ಮಾಯದ ಗಾಯದಲ್ಲೇ ಕ್ಯಾನ್ಸರ್ ಕೂರುತ್ತದಂತೆ. ಯಾವಾಗಲೂ ಗಾಯವಿರುವ ಮೈಯಲ್ಲಿ ಹೊಸ ಗಾಯವನ್ನು ಯಾರು ಗಮನಿಸುತ್ತಾರೆ?

ಸನ್‌ಸ್ಕ್ರೀನ್ ಬಗ್ಗೆ ಒಂದು ಮಾತು. ವೈದ್ಯರು ಹೇಳಿದಷ್ಟು ಹಚ್ಚಿದರೆ 50 ಗ್ರಾಮಿನ ಟ್ಯೂಬು ನಮಗೆ ಒಂದು ವಾರ ಬರುವುದಿಲ್ಲ. ಒಂದು ಟ್ಯೂಬಿಗೆ ನಾನು ನಾಲ್ಕು ಲೈನಿಂಗ್ ಬ್ಲೌಸ್ ಹೊಲಿಯಬೇಕು. ಅಂಗಡಿಯಲ್ಲಿ ಅದು ಸೌಂದರ್ಯದ ಸಾಲಿನಲ್ಲಿ, ಲಿಪ್‌ಸ್ಟಿಕ್ ಪಕ್ಕ ಕೂತಿರುತ್ತದೆ. ನಮಗೆ ಅದು ಔಷಧ. ತಾಂಜಾನಿಯಾದ ಮೋಶಿ ಎಂಬ ಊರಿನಲ್ಲಿ ಚರ್ಮರೋಗ ತರಬೇತಿ ಕೇಂದ್ರದವರು ಹೀಗೆ ಮೆಲನಿನ್ ಇಲ್ಲದೆ ಹುಟ್ಟಿದ ಬಿಳಿ ಮೈಯವರಿಗಾಗಿ ತಾವೇ ಸನ್‌ಸ್ಕ್ರೀನ್ ತಯಾರಿಸಿ ಹಂಚುತ್ತಾರೆ. ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಮೈಸೂರು ಸ್ಯಾಂಡಲ್ ಸೋಪು ಮಾಡಿ ಲೋಕಕ್ಕೆಲ್ಲ ಕಳಿಸುವ ನಮ್ಮ ರಾಜ್ಯಕ್ಕೆ ಅದು ದೊಡ್ಡ ಕೆಲಸವೇ? ಪರಿಮಳ ಇಲ್ಲದಿದ್ದರೂ ನಡೆಯುತ್ತದೆ.

ಅಂಗವಿಕಲರ ಕಾರ್ಡಿಗೂ ಹೋಗಿದ್ದೆ. 2016ರ ಕಾನೂನಿನಲ್ಲಿ 21 ಬಗೆ ಇವೆ, ಇದರ ಹೆಸರಿಲ್ಲ. ‘ಕಣ್ಣು ಮಂಜಾದ ಮೇಲೆ ಬರ್ರಿ, ಆವಾಗ ಆಗತೈತಿ’ ಅಂದರು. ಹೇಳಿದವರಿಗೆ ಕೆಟ್ಟ ಮನಸ್ಸಿರಲಿಲ್ಲ. ನಾನು ಎದ್ದು ಬಂದೆ.

ನನ್ನ ಹೆಸರು ಪತ್ರಿಕೆಯಲ್ಲಿ ಹಾಕಬೇಡಿ, ಮಗಳು ಶಾಲೆಗೆ ಹೋಗುವವಳು. ಮೊಬೈಲ್ ನಂಬರನ್ನು ಬೇರೆ ಚೀಟಿಯಲ್ಲಿ ಬರೆದಿಟ್ಟಿದ್ದೇನೆ. ಇಂಥ ಮಗುವಿನ ತಾಯಿ ಯಾರಾದರೂ ನಿಮಗೆ ಫೋನ್ ಮಾಡಿದರೆ ದಯವಿಟ್ಟು ಕೊಡಿ. ಖಾಕಿ ಕಾಗದದ ಅಳತೆ, ಟೊಪ್ಪಿಗೆಯ ಕಟಿಂಗ್ ಎರಡನ್ನೂ ಕಳಿಸುತ್ತೇನೆ. ಸಂಜೆ ಏಳರ ಮೇಲೆ ಮಾಡಲು ಹೇಳಿ, ಅಲ್ಲಿಯವರೆಗೆ ಮಷಿನ್ ಸದ್ದಿಗೆ ಕೇಳಿಸುವುದಿಲ್ಲ. ಏಳಾದ ಮೇಲೆ ನಾನೂ ಮಗಳೂ ತಿರುಗಾಡಲು ಹೊರಗೆ ಬಂದಿರುತ್ತೇವೆ.

ಇತಿ,
ಬ್ಲೌಸ್ ಹೊಲಿಯುವವಳು, ರಾಣೆಬೆನ್ನೂರು